ಆರು ಸಾಲು, ಐದು ಮನೆ

ಬೆಳಿಗ್ಗೆ ಕಾಫಿ ಹೊತ್ತಿಗೆ ನಾನೂ ಮಗಳೂ ಕೂತು ವರ್ಡಲ್ ಅನ್ನುವ ಆನ್‌ಲೈನ್ ಪದದಾಟ ಆಡುತ್ತೇವೆ. ಇಂಗ್ಲಿಷಿನ ಐದಕ್ಷರದ ಒಂದು ಪದ, ಅದನ್ನು ಹುಡುಕಲು ಆರು ಸಾಲು, ಸಾಲಿಗೊಂದು ಊಹೆ. ಅಕ್ಷರ ಸರಿಯಾದ ಮನೆಯಲ್ಲಿ ಕೂತರೆ ಹಸಿರು. ಪದದಲ್ಲಿದೆ, ಮನೆ ಮಾತ್ರ ತಪ್ಪಿದೆ ಅಂದರೆ ಹಳದಿ. ಇಲ್ಲವೇ ಇಲ್ಲ ಅಂದರೆ ಬೂದು. ದಿನಕ್ಕೆ ಒಂದೇ ಪದ.

ಮೊನ್ನೆ ನಾಲ್ಕನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆವು. ಮಗಳು ಫೋನ್ ತೆಗೆದು ಹುಡುಕಿದಳು: ಐದು ಅಕ್ಷರ, ನಡುವೆ ಎ, ಕೊನೆಗೆ ವೈ. ತಕ್ಷಣ ಪಟ್ಟಿ ಬಂತು. ರೆಡಿ, ಹೆವಿ, ಗ್ರೇವಿ, ಕ್ರೇಜಿ... ದಿನಾ ನಮ್ಮ ಬಾಯಲ್ಲಿರುವ ಪದಗಳೇ! ಒಂದನ್ನು ಹಾಕಿದಳು, ಗೆದ್ದಳು. ಆದರೆ ಮುಖದಲ್ಲಿ ಖುಷಿ ಇರಲಿಲ್ಲ. "ನಾಳೆಯಿಂದ ಆಟ ಮುಗಿದ ಮೇಲೆ ಪಟ್ಟಿ ನೋಡೋಣ ಪುಟ್ಟಿ" ಅಂದೆ.

ಇಷ್ಟು ಸಣ್ಣ ವಿಷಯ ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳಬೇಕು.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎ ಬಿ ಸಿ ಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಸ್ಪೆಲಿಂಗ್ ತಪ್ಪಿದರೆ ಹತ್ತು ಸಲ ಬರಿ, ಮತ್ತೆ ತಪ್ಪಿದರೆ ಐವತ್ತು ಸಲ. ಟುಗೆದರ್ ಬರೆಯಲು "ಟೊ-ಗೆಟ್-ಹರ್" ಅಂತ ಉರು ಹೊಡೆದವರು ನಾವು. ಹೇಳಿದ ಹಾಗೇ ಬರೆಯುವ ಭಾಷೆಯಿಂದ ಬಂದ ಮಕ್ಕಳಿಗೆ ನೈಟ್ ಪದದಲ್ಲಿ ಜಿ, ಎಚ್ ಎರಡೂ ಯಾಕೆ ಕೂತಿವೆ ಅಂತ ಯಾರೂ ಹೇಳಲಿಲ್ಲ. ಹಳೇ ಕಾಲದ ಇಂಗ್ಲಿಷರು ಅಲ್ಲಿ ಗಂಟಲಿನಿಂದ ಒಂದು ಸದ್ದು ಹೊರಡಿಸುತ್ತಿದ್ದರು. ಸದ್ದು ಹೋಯಿತು, ಬರಹ ಉಳಿಯಿತು. ಅಷ್ಟೇ ವಿಷಯ. ಅದು ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ, ಈ ಆಟದ ನೆಪದಲ್ಲಿ.

ಆಡುತ್ತಾ ಆಡುತ್ತಾ ಅಕ್ಷರಗಳ ಸ್ವಭಾವ ಕಾಣತೊಡಗುತ್ತದೆ. ಕ್ಯೂ ಬಂದರೆ ಪಕ್ಕದಲ್ಲಿ ಹೆಚ್ಚುಕಮ್ಮಿ ಯು ಇದ್ದೇ ಇರುತ್ತದೆ. ವಿ ಕೊನೆಯ ಮನೆಗೆ ಬರುವುದು ತೀರಾ ಅಪರೂಪ. ಅದಕ್ಕೇ ಗಿವ್, ಲವ್, ಹ್ಯಾವ್ ಎಲ್ಲದರ ಕೊನೆಗೂ ಒಂದು ಇ ಬಂದು ಕೂರುತ್ತದೆ. ಹತ್ತು ಸಲ ಬರೆದಾಗ ಕೈ ನೋಯುತ್ತಿತ್ತು, ಇದು ಮಾತ್ರ ಹೊಳೆದಿರಲಿಲ್ಲ.

ಒಂದು ದಿನದ ಆಟ ಹೇಳುತ್ತೇನೆ ಕೇಳಿ. ಮೊದಲ ಸಾಲಿಗೆ ನೈಟ್ ಹಾಕಿದೆವು. ಎನ್ ಬೂದು, ಉಳಿದ ನಾಲ್ಕೂ ಹಸಿರು! ಮಗಳು ಕುಣಿದಳು. ಆದರೆ ಅಪಾಯ ಇದ್ದದ್ದೇ ಅಲ್ಲಿ. ಫೈಟ್, ಲೈಟ್, ಮೈಟ್, ರೈಟ್, ಸೈಟ್, ಟೈಟ್, ಎಯ್ಟ್. ಎಲ್ಲರೂ ಬಳಸುವ ಪದಗಳೇ ಏಳು, ಉಳಿದ ಸಾಲು ಐದು. ಒಂದೊಂದಾಗಿ ಹಾಕುತ್ತಾ ಹೋದರೆ ಸೋಲಲೂಬಹುದು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಫಿಲ್ಮ್ಸ್ ಹಾಕೋಣ" ಅಂದಳು. ಅದು ಉತ್ತರ ಅಲ್ಲ ಅಂತ ಅವಳಿಗೂ ಗೊತ್ತು. ಆದರೆ ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಅದು ಒಂದೇ ಏಟಿಗೆ ಕೇಳಿಬಿಡುತ್ತದೆ. ಯಾವುದಕ್ಕಾದರೂ ಬಣ್ಣ ಬಂದರೆ ಮುಂದಿನ ಸಾಲಿಗೇ ಉತ್ತರ. ಬರದಿದ್ದರೆ ಉಳಿಯುವುದು ಮೂರೇ ಪದ, ಸಾಲು ನಾಲ್ಕು. ಎಂಟನೇ ಕ್ಲಾಸಿನ ಹುಡುಗಿ ಇದನ್ನು ತಾನಾಗಿಯೇ ಯೋಚಿಸಿದಳು. ಪಟ್ಟಿ ನೋಡಿ ಗೆದ್ದಿದ್ದರೆ ಈ ಐದು ನಿಮಿಷವೇ ಇರುತ್ತಿರಲಿಲ್ಲ, ಅಲ್ವಾ?

ಈ ಆಟ ಮಾಡಿದ್ದು ಜೋಶ್ ವಾರ್ಡಲ್. ವೇಲ್ಸ್‌ನವರು, ಆಗ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದರು. ಪದಗಳ ಆಟ ಅಂದರೆ ಪ್ರಾಣ ಬಿಡುವ ಸಂಗಾತಿ ಪಾಲಕ್ ಶಾ ಅವರಿಗಾಗಿ ಮಾಡಿದ್ದು. ಐದಕ್ಷರದ ಇಂಗ್ಲಿಷ್ ಪದಗಳು ಸುಮಾರು 12,000 ಇದ್ದವು. ಪಾಲಕ್ ಶಾ ಒಂದೊಂದನ್ನೇ ನೋಡಿ, ತನಗೆ ಗೊತ್ತಿರುವ ಪದ ಯಾವುದು, ಗೊತ್ತಿಲ್ಲದ್ದು ಯಾವುದು ಅಂತ ಬೇರೆ ಮಾಡಿದರು. ಅಕ್ಕಿ ಆರಿಸಿದ ಹಾಗೆ. ಉಳಿದದ್ದು ಸುಮಾರು 2,500. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ 3 ಲಕ್ಷ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಆಟವನ್ನೇ ಕೊಂಡುಕೊಂಡಿತು. ನನಗೆ ಇದರಲ್ಲಿ ದೊಡ್ಡದು ಅಂತ ಅನ್ನಿಸುವುದು ಆ ಆರಿಸುವ ಕೆಲಸ. ನಿಘಂಟಿನ ಮೂಲೆಯ ಪದಗಳನ್ನೇ ಉತ್ತರವಾಗಿ ಇಟ್ಟಿದ್ದರೆ ನನ್ನಂಥವನು ಎರಡನೇ ದಿನಕ್ಕೇ ಬಿಟ್ಟುಬಿಡುತ್ತಿದ್ದೆ.

ಹಾಗಂತ ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ. ಆಟ ಮುಗಿದ ಮೇಲೆ ಅದನ್ನು ನೋಡುವುದೇ ಒಂದು ಸುಖ. ಹಾಗೆ ನೋಡುವಾಗ ಸಿಕ್ಕಿದ್ದು ಅರೀಕಾ, ಅಂದರೆ ಅಡಿಕೆ. ನಮ್ಮ ಅಡಿಕೆ, ಮಲಯಾಳಿಗಳ ಅಡಕ್ಕ ಪೋರ್ಚುಗೀಸರ ಬಾಯಿಗೆ ಬಿದ್ದು ಹಾಗಾಗಿದೆ. ಇನ್ನೊಂದು ಡೋಲ್, ಡಿ-ಎಚ್-ಓ-ಎಲ್-ಇ. ನಮ್ಮ ಕಾಡಿನ ಸೀಳುನಾಯಿಗೆ ಇಂಗ್ಲಿಷಿನ ಹೆಸರು. ಅದು ಕನ್ನಡದ ತೋಳದಿಂದ ಬಂದಿರಬಹುದು ಅನ್ನುತ್ತವೆ ನಿಘಂಟುಗಳು. ಎರಡಕ್ಕೂ ಸರಿಯಾಗಿ ಐದೈದು ಅಕ್ಷರ. ಆ ದಿನ ಮಗಳು ಅಡಿಕೆ ಸುಲಿಯುತ್ತಿದ್ದ ಅಜ್ಜಿ ಹತ್ತಿರ ಓಡಿ ಹೋಗಿ ಹೇಳಿದಳು.

ಅಪ್ಪ ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಹತ್ತು ಸಲ ಬರೆಸುವುದನ್ನು ಬಿಡಿ, ಈ ಆಟ ಆಡಿಸಿ. ಇದಕ್ಕೆ ಫೋನೂ ಬೇಡ. ಒಂದು ಬೋರ್ಡು, ಮೂರು ಬಣ್ಣದ ಸೀಮೆಸುಣ್ಣ ಸಾಕು.

ಕಳೆದ ಭಾನುವಾರ ಮನೆ ಜಗಲಿಯ ಮೇಲೆ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಆಡಿಸಿದೆ. ನಾನು ಮನಸ್ಸಿನಲ್ಲಿಟ್ಟ ಪದ ಹೌಸ್. ಆರನೇ ಕ್ಲಾಸಿನ ಒಂದು ಹುಡುಗಿ ಮೌಸ್ ಅಂತ ಬರೆದಳು, ಎಂ-ಓ-ಯು-ಎಸ್. ಒಂದು ಮನೆ ಖಾಲಿ ಉಳಿಯಿತು. ಯಾರೂ ಏನೂ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಆ ಖಾಲಿ ಮನೆಯನ್ನೇ ನೋಡಿ, ಇ ಬರೆದಳು. ನಾಲ್ಕು ಅಕ್ಷರಕ್ಕೆ ಹಸಿರು ಹಚ್ಚಿದೆ. ಬೌಸ್, ಕೌಸ್, ಡೌಸ್ ಅಂತ ಬಾಯಲ್ಲೇ ಒಂದೊಂದು ಅಕ್ಷರ ಹಾಕಿ ನೋಡುತ್ತಾ ಹೋದಳು. ಎಚ್ ಹತ್ತಿರ ಬಂದಿದ್ದೇ ತಡ, "ಮಾಮಾ, ಹೌಸ್!" ಅಂತ ಕೂಗಿದಳು.

ಈ ಭಾನುವಾರ ಪದ ಅವಳೇ ಇಡುತ್ತಾಳಂತೆ.