ನಗರಕ್ಕೆ ಹೋಗೋ ಧೈರ್ಯ ಕಂಡಕ್ಟರ್‌ಗೆ ಮಾತ್ರ

ಮೈಸೂರು ಬಸ್ ಸ್ಟ್ಯಾಂಡಲ್ಲಿ ಒಂದರ್ಧ ಗಂಟೆ ನಿಂತ್ರೆ ಸಾಕು, ಕಂಡಕ್ಟರ್ "ನಂಜನಗೂಡು, ನಗರ, ನಗರ, ನಗರಾ" ಅಂತ ಗಂಟ್ಲು ಹರ್ಕೊಳ್ತಿರ್ತಾನೆ, ಜನ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡೀತಿರ್ತಾರೆ. ನಗರ ಅಂದ್ರೆ ಚಾಮರಾಜನಗರ, ಸುಮಾರು 60 ಕಿಲೋಮೀಟರ್. ಈ ಕಂಡಕ್ಟರ್ ದಿನಾ ಹೋಗಿ ಬಂದು ರಾತ್ರಿ ಮನೇಲಿ ಮುದ್ದೆ ಉಂಡು ಮಲಗ್ತಾನೆ, ಇಷ್ಟು ವರ್ಷ ಆದ್ರೂ ಅವನ ಸೀಟು ಎಲ್ಲೂ ಹೋಗಿಲ್ಲ. ಆದ್ರೆ ಹಿಂದೆ ಮುಂದೆ ಪೊಲೀಸ್ ಜೀಪ್ ಇಟ್ಕೊಂಡು ಓಡಾಡೋ ಮುಖ್ಯಮಂತ್ರಿಗಳಿಗೆ ಮಾತ್ರ ಈ ಊರಿನ ಹೆಸರು ಕೇಳಿದ್ರೆ ಕಾಲು ನಡುಗುತ್ತೆ. ಹೋದ್ರೆ ಕುರ್ಚಿ ಹೋಗುತ್ತಂತೆ!

ಸಾಕ್ಷಿ ಏನಪ್ಪಾ ಅಂದ್ರೆ, ದೇವರಾಜ ಅರಸು ಹೋದ್ರು ಇಳಿದ್ರು, ಗುಂಡೂರಾವ್ ಹೋದ್ರು ಸೋತ್ರು, ಆಮೇಲೆ ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. ಸರಿ, ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟಿದ್ದು ಫೋನ್ ಕದ್ದಾಲಿಕೆ ಗಲಾಟೆಗೆ, ಪಾಟೀಲರ ಕುರ್ಚಿ 1990ರಲ್ಲಿ ಹೋಗಿದ್ದು ರಾಜೀವ್ ಗಾಂಧಿ ಬೆಂಗಳೂರು ಏರ್‌ಪೋರ್ಟಲ್ಲಿ ಆಡಿದ ಮಾತಿಗೆ, ಅದನ್ನೆಲ್ಲ ಯಾರು ಕೇಳ್ತಾರೆ ಬಿಡಿ. ಬೊಮ್ಮಾಯಿ ಸರ್ಕಾರ ವಜಾ ಆದ ಕೇಸಂತೂ ಸುಪ್ರೀಂ ಕೋರ್ಟಿಗೇ ಹೋಗಿ, 9 ಜನ ಜಡ್ಜ್‌ಗಳು ಕೂತು 1994ರಲ್ಲಿ ದೊಡ್ಡ ತೀರ್ಪು ಕೊಟ್ರು, ಬಹುಮತ ಇದೆಯೋ ಇಲ್ವೋ ಸದನದಲ್ಲೇ ಲೆಕ್ಕ ಹಾಕಿ ಅಂದ್ರು, ಸೆಕ್ಯುಲರಿಸಂ ಸಂವಿಧಾನದ ಮೂಲ ರಚನೆಗೇ ಸೇರಿದ್ದು ಅಂತಾನೂ ಅಂದ್ರು. ಚಾಮರಾಜನಗರದ ದೋಷದ ವಿಚಾರ ಮಾತ್ರ 9 ಜನರಲ್ಲಿ ಒಬ್ಬರಿಗೂ ಹೊಳೀಲಿಲ್ಲ ನೋಡಿ, ಪಾಪ ಜ್ಯೋತಿಷಿಗಳ ಕೈಲಿ ವಾದ ಮಾಡಿಸಿರಲಿಲ್ಲ ಅನ್ಸುತ್ತೆ.

1997ರಲ್ಲಿ ಜೆ.ಎಚ್. ಪಟೇಲರು ಈ ಊರನ್ನೇ ಜಿಲ್ಲಾ ಕೇಂದ್ರ ಮಾಡಿದ್ರು, ಒಳ್ಳೇ ಕೆಲಸ, ಆದ್ರೆ ಉದ್ಘಾಟನೆ ಎಲ್ಲಿ? ಮಲೆ ಮಹದೇಶ್ವರ ಬೆಟ್ಟದಲ್ಲಿ! ಮಗು ನಮ್ಮನೇದು, ನಾಮಕರಣ ಪಕ್ಕದ ಬೀದೀಲಿ. ಬೆಟ್ಟಕ್ಕೆ ಹೋಗೋಕೆ ಯಾರಿಗೂ ಭಯ ಇಲ್ಲ, ಮಾದಪ್ಪ ಕಾಯ್ತಾನೆ, ಅದೇ ಜಿಲ್ಲೆ ಆದ್ರೂ ಪರವಾಗಿಲ್ಲ. ದೋಷ ಇರೋದು ಡಿಸಿ ಆಫೀಸು, ಆಸ್ಪತ್ರೆ, ಅರ್ಜಿ ಹಿಡ್ಕೊಂಡ ಜನ ಇರೋ ಕಡೆ ಮಾತ್ರ.

ಈಗ ಒಬ್ಬ ಎಫ್‌ಡಿಎಗೆ, ಅಂದ್ರೆ ಸರ್ಕಾರಿ ಆಫೀಸಿನ ಗುಮಾಸ್ತನಿಗೆ, ನಗರಕ್ಕೆ ಟ್ರಾನ್ಸ್‌ಫರ್ ಆಯ್ತು ಅನ್ಕೊಳ್ಳಿ. ಅವನು ಹೋಗಿ "ಸಾ, ನಮ್ಮ ಜೋಯಿಸರು ಆ ದಿಕ್ಕಿಗೆ ಹೋಗ್ಬೇಡ ಅಂದವ್ರೆ" ಅಂತ ಬರ್ಕೊಟ್ರೆ ಏನಾಗುತ್ತೆ? ಮೊದಲು ನೋಟಿಸು, ಆಮೇಲೆ ಸಸ್ಪೆನ್ಷನ್ನು, ಆಮೇಲೆ ಇಲಾಖಾ ವಿಚಾರಣೆ. ಕುರ್ಚಿ ದೊಡ್ಡದಾದಷ್ಟೂ ನಂಬಿಕೆಗೆ ರಿಯಾಯ್ತಿ ಜಾಸ್ತಿ. ಇದೇ ಮುಖ್ಯಮಂತ್ರಿಗಳು ರಾಜಭವನದ ಗಾಜಿನ ಮನೇಲೋ ಇನ್ನೆಲ್ಲೋ ನಿಂತು, ಭಯವಾಗಲಿ ಪಕ್ಷಪಾತವಾಗಲಿ ಇಲ್ಲದೆ ಎಲ್ಲ ಜನರಿಗೂ ನ್ಯಾಯ ಮಾಡ್ತೀನಿ ಅಂತ ಪ್ರಮಾಣ ಮಾಡಿರ್ತಾರೆ, ಬಹಳಷ್ಟು ಜನ ದೇವರ ಹೆಸರಲ್ಲೇ. ಆ "ಭಯ"ದ ಪಕ್ಕದಲ್ಲಿ ಬ್ರ್ಯಾಕೆಟಲ್ಲಿ "ಚಾಮರಾಜನಗರ ಹೊರತುಪಡಿಸಿ" ಅಂತ ಹಾಕಿದ್ರೆ ದೇವರಿಗೂ ಮೋಸ ಆಗ್ತಿರಲಿಲ್ಲ.

ಹೋಗದೇ ಇದ್ದವರ ಕಥೆ ಇನ್ನೂ ಚೆನ್ನಾಗಿದೆ. ಯಡಿಯೂರಪ್ಪನವರು 4 ಸಲ ಪ್ರಮಾಣವಚನ ತಗೊಂಡ್ರು, ಮುಖ್ಯಮಂತ್ರಿ ಆಗಿ ಆ ಊರಿನ ಸಹವಾಸಕ್ಕೇ ಹೋಗಲಿಲ್ಲ. ಒಂದ್ ಸಲ ಒಂದು ವಾರ, ಇನ್ನೊಂದ್ ಸಲ ಮೂರು ದಿನ, ಉಳಿದ ಎರಡು ಸಲವೂ ಐದು ವರ್ಷ ಮುಟ್ಟಲಿಲ್ಲ. 2021ರ ಮೇ ತಿಂಗಳಲ್ಲಿ ಅಲ್ಲಿನ ಜಿಲ್ಲಾಸ್ಪತ್ರೇಲಿ ಆಕ್ಸಿಜನ್ ಸಾಲದೆ ಒದ್ದಾಡಿ ಒಂದೇ ದಿನದಲ್ಲಿ 24 ಜನ ಹೋದ್ರು, ಆಗಲೂ ಬರಲಿಲ್ಲ. ಇಲ್ಲಿ ತಮಾಷೆ ಮಾಡೋಕೆ ನನಗೂ ಬಾಯಿ ಬರಲ್ಲ.

ಸಿದ್ದರಾಮಯ್ಯನವರು 2013ರಿಂದ ಹತ್ತಾರು ಸಲ ಹೋಗಿ ಬಂದು, ಅರಸು ನಂತರ ಐದು ವರ್ಷ ಪೂರ್ತಿ ಮುಗಿಸಿದ ಮೊದಲ ಮುಖ್ಯಮಂತ್ರಿ ಆದ್ರು. ದೋಷದ ಪಾರ್ಟಿಯವರು ಐದು ವರ್ಷ ಉಸಿರು ಬಿಗಿ ಹಿಡ್ಕೊಂಡಿದ್ದು, 2018ರಲ್ಲಿ ಅವರು ಚಾಮುಂಡೇಶ್ವರೀಲಿ ಸೋತ ಕೂಡ್ಲೇ "ನೋಡಿದ್ರಾ, ನಾವ್ ಹೇಳಿರಲಿಲ್ವಾ" ಅಂದ್ರು. 2023ರಲ್ಲಿ ಮತ್ತೆ ಮುಖ್ಯಮಂತ್ರಿ ಆಗಿ, ವಾಸ್ತು ಅಂತ ಮುಚ್ಚಿದ್ದ ಮುಖ್ಯಮಂತ್ರಿ ಕೊಠಡಿಯ ದಕ್ಷಿಣದ ಬಾಗಿಲನ್ನೂ ಸಿದ್ದರಾಮಯ್ಯನವರು ತೆಗೆಸಿದ್ರು. ಇಷ್ಟೆಲ್ಲ ಗಟ್ಟಿಗರ ಕಾರ್ ಮೇಲೆ 2016ರಲ್ಲಿ ಒಂದು ಕಾಗೆ ಕೂತು ಅಲ್ಲಾಡಲಿಲ್ಲ, ಸ್ವಲ್ಪ ದಿನಕ್ಕೆ ಹೊಸ ಕಾರ್ ಬಂತು. ಎರಡಕ್ಕೂ ಸಂಬಂಧ ಇಲ್ಲ ಅಂದ್ರು. ನಂಬಿದ್ವಿ. ಮೌಢ್ಯ ನಿಷೇಧದ ಕಾಯ್ದೆ ತಂದಿದ್ದೂ ಅವರ ಸರ್ಕಾರವೇ, 2017ರಲ್ಲಿ, ಅದರಲ್ಲಿ ವಾಸ್ತು ಜ್ಯೋತಿಷ್ಯ ಎರಡನ್ನೂ ಜೋಪಾನವಾಗಿ ಹೊರಗಿಟ್ರು.

ಆದ್ರೂ ಇದೇ ಲೆಕ್ಕ ಹಿಡಿದು ಹೋದ್ರೆ ನನಗೆ ಬೇರೆ ಒಂದು ಜಾಗದ ಮೇಲೆ ಡೌಟು. ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೇ 1956ರಲ್ಲಿ ಕುರ್ಚಿ ಕಳ್ಕೊಂಡ್ರು, ಆಮೇಲೆ ಅಲ್ಲಿಗೆ ಕಾಲಿಟ್ಟು ಕೂತ ಮಾಜಿಗಳಲ್ಲಿ ಒಬ್ಬರಿಗೂ ಕುರ್ಚಿ ಉಳಿದಿಲ್ಲ, ನೂರಕ್ಕೆ ನೂರು. ಹಣೆ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬೇರೆ ಬರ್ಕೊಂಡು ಅಂಬೇಡ್ಕರ್ ವೀದೀಲಿ ನಿಂತಿದೆ. ಅಲ್ಲಿಗೆ ಹೋಗ್ಬೇಡಿ ಅಂತ ಯಾವ ಜೋಯಿಸರೂ ಇದುವರೆಗೂ ಹೇಳಿದ್ದು ಕೇಳಿಲ್ಲ.