ಬಿಸಿಲು ಬಂದಾಗ ತುಂಬಿಕೋ

ಸಂಜೆ ಏಳೂಕಾಲು. ಆಫೀಸಿನಿಂದ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಬಂದ ನನ್ನ ತಮ್ಮ ಹೆಲ್ಮೆಟ್ ತೆಗೆಯುವ ಮೊದಲೇ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ಬಿಚ್ಚಿ, ಹಾಲಿನ ಕಿಟಕಿಯಿಂದ ಇಳಿಬಿಟ್ಟ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ. ಒಳಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರು. ಟ್ಯೂಬ್‌ಲೈಟು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ಎದುರು ಮನೆಯ ಗೇಟಿನೊಳಗೂ ಒಂದು ಸ್ಕೂಟರು, ಮೂಲೆಮನೆಯ ಮುಂದೆ ಒಂದು ಕಾರು, ಎಲ್ಲಕ್ಕೂ ಅದೇ ಹೊತ್ತಿಗೆ ವೈರು. ಬೀದಿ ತುದಿಯ ಟ್ರಾನ್ಸ್‌ಫಾರ್ಮರ್ ನಾನು ಕಾಲೇಜಿಗೆ ಹೋಗುವಾಗ ಇದ್ದದ್ದೇ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಲ್ಲಿಯೂ ಸಂಜೆ ಮನೆಗೆ ಬಂದ ಕೂಡಲೇ ಕಾರಿಗೆ ವೈರು ಹಾಕುತ್ತೇನೆ, ಆದರೆ ಕರೆಂಟು ಹರಿಯುವುದು ನಡುರಾತ್ರಿಯ ಮೇಲೆ. 2022ರ ಜೂನ್ 30ರಿಂದ ಅಲ್ಲಿ ಮನೆಗೆ ಮಾರುವ ಚಾರ್ಜರ್‌ಗಳೆಲ್ಲ ಸ್ಮಾರ್ಟ್ ಆಗಿರಬೇಕೆಂಬ ಕಾನೂನಿದೆ. ವಾರದ ದಿನಗಳಲ್ಲಿ ಬೆಳಗ್ಗೆ 8ರಿಂದ 11, ಸಂಜೆ 4ರಿಂದ ರಾತ್ರಿ 10ರವರೆಗೆ ಚಾರ್ಜ್ ಆಗದಂತೆ ಮೊದಲೇ ಹೊಂದಿಸಿಯೇ ಕೊಡುತ್ತಾರೆ. ಬೇಕಾದವರು ಬದಲಿಸಿಕೊಳ್ಳಬಹುದು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಣ್ಣ ಏರ್ಪಾಡು. ಅಗ್ಗದ ದರ ಶುರುವಾಗುವ ಗಳಿಗೆಗೆ ಊರಿನ ಕಾರುಗಳೆಲ್ಲ ಒಟ್ಟಿಗೆ ಕರೆಂಟು ಎಳೆದರೆ ಲೈನು ತಡೆಯದು. ಹಾಗಾಗಿ ಒಂದೊಂದು ಚಾರ್ಜರೂ ಹತ್ತು ನಿಮಿಷದೊಳಗೆ ತನಗೆ ತೋಚಿದಷ್ಟು ತಡ ಮಾಡಿ ಎದ್ದೇಳುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಬಿಟ್ಟ ಹಾಗೆ.

ರಾತ್ರಿ ಅಲ್ಲಿ ಬೇಡಿಕೆ ಇಳಿದಿರುತ್ತದೆ, ಸಮುದ್ರದ ಗಾಳಿಯಂತ್ರಗಳು ಮಾತ್ರ ತಿರುಗುತ್ತಲೇ ಇರುತ್ತವೆ. ರಾತ್ರಿಗೊಂದು ದರ ಎಂಬುದು ಅವರಿಗೆ ಹೊಸದೂ ಅಲ್ಲ, 1978ರಿಂದಲೇ ಏಳು ಗಂಟೆಯ ಅಗ್ಗದ ಕರೆಂಟು ಕೊಟ್ಟು ರೂಢಿಯಿದೆ.

ಇದನ್ನು ಹಾಗೇ ಬೆಂಗಳೂರಿಗೆ ತಂದರೆ ಆಯಿತು ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ತಪ್ಪು. ಅವರಿಗೆ ಗಾಳಿ ಇದ್ದಂತೆ ನಮಗೆ ಬಿಸಿಲು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಅದು ತುಂಬಿ ಹರಿಯುತ್ತದೆ, ಸಂಜೆ ಏಳಕ್ಕೆ ಸೊನ್ನೆ. ತಮ್ಮ ವೈರು ಸಿಕ್ಕಿಸುವ ಹೊತ್ತಿಗೆ ಭಾರ ಹೊರುವುದು ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬತ್ತಿದಾಗ ಅಕ್ಟೋಬರಿನಲ್ಲೇ ಕರೆಂಟಿಗೆ ಪರದಾಡಿದ್ದನ್ನು ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು.

ಈ ಬಿಸಿಲಿನ ಲೆಕ್ಕ ಮೊದಲು ಹಿಡಿದವರು ರೈತರು. ರಾತ್ರಿ ಟಾರ್ಚು ಹಿಡಿದು, ಹಾವು ಚೇಳಿನ ನಡುವೆ ನೀರು ಕಟ್ಟಲು ಹೋಗುತ್ತಿದ್ದ ಕಾಲ ನಮ್ಮ ಅಜ್ಜನದು. ಈಗ ಎಷ್ಟೋ ಕಡೆ ಪಂಪ್‌ಸೆಟ್ಟಿಗೆ ಹಗಲಲ್ಲೇ ತ್ರೀಫೇಸ್. ಹಳ್ಳಿ ತನ್ನ ನೀರಿನ ಹೊತ್ತನ್ನು ಬಿಸಿಲಿಗೆ ಹೊಂದಿಸಿಕೊಂಡಿರುವಾಗ, ಬೆಂಗಳೂರು ತನ್ನ ಸ್ಕೂಟರಿನ ಹೊತ್ತನ್ನು ಯಾಕೆ ಬದಲಿಸಬಾರದು?

ಮಧ್ಯಾಹ್ನ ಆ ಸ್ಕೂಟರುಗಳು ಇರುವುದಾದರೂ ಎಲ್ಲಿ? ಆಫೀಸಿನ ಬೇಸ್‌ಮೆಂಟಿನಲ್ಲಿ, ಕಾಲೇಜಿನ ಶೆಡ್ಡಿನಲ್ಲಿ, ಮೆಟ್ರೋ ಪಾರ್ಕಿಂಗಿನಲ್ಲಿ, ಎಂಟೊಂಬತ್ತು ಗಂಟೆ ಸುಮ್ಮನೆ ನಿಂತಿರುತ್ತವೆ. ತಮ್ಮ ತನ್ನ ಆಫೀಸಿನಲ್ಲಿ ಒಂದು ಪ್ಲಗ್ ಪಾಯಿಂಟ್ ಕೇಳಿದ್ದನಂತೆ. "ಲೋಡ್ ತಡೆಯಲ್ಲ ಅಂದ್ಬಿಟ್ರು ಅಣ್ಣ, ಆಮೇಲೆ ನಾನೂ ಕೇಳ್ಲಿಲ್ಲ" ಅಂದ. ನನಗೆ ಬೇಜಾರಾಗಿ ಅಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಓಡುವ ಸ್ಕೂಟರಿಗೆ ಬೇಕಾದದ್ದು ಹೆಚ್ಚೆಂದರೆ ಒಂದು ಯೂನಿಟ್. ನೂರು ಸ್ಕೂಟರಿಗೆ ನೂರು ಯೂನಿಟ್. ಬೆಂಗಳೂರಿನ ಬಿಸಿಲಿಗೆ ತಾರಸಿಯ ಒಂದು ಕಿಲೋವಾಟ್ ಸೋಲಾರ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಅಂದರೆ 25 ಕಿಲೋವಾಟ್ ಇದ್ದರೆ ನೂರೂ ಸ್ಕೂಟರು ಓಡುತ್ತವೆ. ಎಲ್ಲವನ್ನೂ ಒಂದೇ ಏಟಿಗೆ ಹಾಕದೆ ಸರದಿಯಲ್ಲಿ ಹಾಕಿದರೆ ಲೋಡಿನ ನೆಪವೂ ಉಳಿಯುವುದಿಲ್ಲ.

ಕೇಂದ್ರದ 2024ರ ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ. ಚಾರ್ಜಿಂಗ್ ಕೇಂದ್ರಗಳಿಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಕೊಡುವ ಕರೆಂಟಿಗೆ, ಒಂದು ಯೂನಿಟ್ ತಲುಪಿಸಲು ವಿದ್ಯುತ್ ಕಂಪನಿಗೆ ತಗಲುವ ಸರಾಸರಿ ವೆಚ್ಚದ 0.7 ಪಟ್ಟು ದರ, ಉಳಿದ ಹೊತ್ತಿನಲ್ಲಿ 1.3 ಪಟ್ಟು. ಹತ್ತಿರ ಹತ್ತಿರ ಇಮ್ಮಡಿ ವ್ಯತ್ಯಾಸ. ಆದರೆ ಮನೆಯ ಮಾಮೂಲಿ ಮೀಟರಿಗೆ ಹೊತ್ತು ಗೊತ್ತಾಗುವುದಿಲ್ಲ, ತಮ್ಮನಿಗೆ ಸಂಜೆಯೂ ಒಂದೇ, ಮಧ್ಯಾಹ್ನವೂ ಒಂದೇ. ಸ್ಮಾರ್ಟ್ ಮೀಟರ್ ಬರಲಿ ಎಂದು ನಾನು ಹೇಳುವುದು ಅದಕ್ಕೇ. ಬಿಲ್ಲಿನಲ್ಲಿ ಹೊತ್ತಿನ ಬೆಲೆ ಕಂಡರೆ ಹೇಳಿಕೊಡುವವರೇ ಬೇಡ.

ಕಾರಿನ ಬ್ಯಾಟರಿಯಿಂದ ಗ್ರಿಡ್ಡಿಗೇ ಕರೆಂಟು ವಾಪಸು ಕೊಡುವ ಪ್ರಯೋಗಗಳೂ ಇಂಗ್ಲೆಂಡಿನಲ್ಲಿ ನಡೆದಿವೆ. ಮೂರು ಯೂನಿಟ್ಟಿನ ಸ್ಕೂಟರ್ ಬ್ಯಾಟರಿಯ ಊರಿಗೆ ಅದು ಸದ್ಯದ ಮಾತಲ್ಲ. ಬಸ್ಸಿನ ಕಥೆ ಬೇರೆ. ಸಾವಿರ ದಾಟಿರುವ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳು ಹಗಲು ಓಡಲೇಬೇಕು, ಡಿಪೋದಲ್ಲಿ ನಿಲ್ಲುವುದು ರಾತ್ರಿ. ಅವಕ್ಕೆ ಮುಂಗಾರಿನಲ್ಲಿ ಚಿತ್ರದುರ್ಗ, ಗದಗದ ಗಾಳಿ ಒದಗುತ್ತದೆ, ಆಗ ರಾತ್ರಿಯೂ ಗಾಳಿಯಂತ್ರಗಳು ತಿರುಗುತ್ತವೆ. ಗಾಳಿ ಬಂದಾಗ ತೂರಿಕೋ ಎಂದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಊಟವಾದ ಮೇಲೆ ತಮ್ಮನನ್ನು ಕೂರಿಸಿಕೊಂಡು ಅವನ ಆಫೀಸಿಗೆ ಮತ್ತೊಂದು ಅರ್ಜಿ ಬರೆಸಿದೆ. ಕೇಳಿದ್ದು ಇಷ್ಟು: ಹತ್ತು ಪ್ಲಗ್ ಪಾಯಿಂಟು, ಬೇರೆಯೇ ಒಂದು ಮೀಟರು, ಬೆಳಗ್ಗೆ 9ರಿಂದ 4ರವರೆಗೆ ಮಾತ್ರ. ಜೊತೆಯಲ್ಲಿ ಕೆಲಸ ಮಾಡುವ ಹದಿನಾಲ್ಕು ಜನರ ಸಹಿ ಹಾಕಿಸಿ ಸೋಮವಾರ ಕೊಡುತ್ತಾನೆ.