ಕ್ಯೂನಲ್ಲಿ ಆರನೆಯವ

ನಮ್ಮ ಕಡೆ ಇಂಟರ್ನೆಟ್ ಕೊಡುವ ಒಂದು ಕಂಪನಿ ಫೋನ್ ಕರೆಗಳಿಗೆ ತನ್ನದೇ ಹೊಸ ಕ್ಯೂ ವ್ಯವಸ್ಥೆ ಮಾಡಿಸಿದೆಯಲ್ಲ, ನೀವೂ ಓದಿರುತ್ತೀರಿ. ದೀಪ ಬೆಳಗಿದ್ದು, ಶಾಲು ಹೊದೆಸಿದ್ದು ಎಲ್ಲ ಆಯ್ತು. ಹೆಸರು ಬೇಡ ಬಿಡಿ, ನಾಳೆ ಮತ್ತೆ ಅವರಿಗೇ ಫೋನ್ ಮಾಡಬೇಕು.

ಮೊನ್ನೆ ನಾನೂ ಆ ಕ್ಯೂ ಹೊಕ್ಕೆ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ಬಂದರೆ ಮನೆಯೊಳಗೆ ಸಿಗ್ನಲ್ ಇರೋದಿಲ್ಲ. ಕೊಡೆ ಹಿಡಿದು, ದಣಪೆ ದಾಟಿ, ಗುಡ್ಡ ಹತ್ತಿ ನಿಂತೆ. 'ನೀವು ನಾಲ್ಕನೆಯವರು' ಅಂತ ಸಿಹಿಯಾದ ದನಿ. ಖುಷಿಯಾಯ್ತು. ಎರಡು ನಿಮಿಷ ಕೊಳಲು ಕೇಳಿಸಿ ಅದೇ ದನಿ, 'ನೀವು ಆರನೆಯವರು.'

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಯಲ್ಲಿ ನಿಂತು ಪಳಗಿದವರು ನಾವು. ಅಲ್ಲೂ ಯಾರೋ ದೊಡ್ಡವರ ಕಡೆಯವನು ನಡುವೆ ನುಗ್ಗುತ್ತಾನೆ. ಆದರೆ ಅವನ ಬೆನ್ನು ಕಾಣುತ್ತದೆ, ಬೈಯಬಹುದು. ಇಲ್ಲಿ ಬೆನ್ನೇ ಇಲ್ಲ! ಜಾಸ್ತಿ ದುಡ್ಡಿನ ಪ್ಲ್ಯಾನಿನವರಿಗೆ ಮುಂದಿನ ಜಾಗ ಅಂತ ಸಾಫ್ಟ್‌ವೇರಿನಲ್ಲೇ ಬರೆದಿಡಬಹುದಂತೆ. ಇಂಥ ಕ್ಯೂ ನಡೆಸೋಕೆ ಆಸ್ಟರಿಸ್ಕ್ ಅಂತ ಬಿಟ್ಟಿ ಸಿಗುವ ಸಾಫ್ಟ್‌ವೇರಿದೆ. ಕರೆ ತೆಗೆಯೋಕೆ ಕೂತ ಎಲ್ಲರ ಫೋನೂ ಒಟ್ಟಿಗೆ ಬಡಿಯೋದು, ಸರದಿ ಹಿಡಿದು ಕೊಡೋದು, ಕಡಿಮೆ ಕರೆ ತೆಗೆದವರಿಗೆ ದಾಟಿಸೋದು, ಎಲ್ಲ ಬಲ್ಲದು. ಫೋನ್ ಎತ್ತಿ ಮಾತಾಡೋದೊಂದು ಬಿಟ್ಟು.

ಹಿಂದೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಎಕ್ಸ್‌ಚೇಂಜಿನವರು, 'ಭಾವಾ, ಲೈನ್ ಸಿಕ್ತಿಲ್ಲೆ, ಊಟ ಮಾಡ್ಕ್ಯಂಡು ಬಾ' ಅನ್ನುತ್ತಿದ್ದರು. ಕಾಯೋದು ಆಗಲೂ ಇತ್ತು. ಊಟವಾದ್ರೂ ಆಗ್ತಿತ್ತು.

ಎಷ್ಟು ಕರೆಗೆ ಎಷ್ಟು ಜನ ಬೇಕು ಅನ್ನೋ ಲೆಕ್ಕ ಹೊಸದೇನಲ್ಲ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳ ಗಣಿತ ಬರೆದಿದ್ದ. ಕರೆಗಳ ಒತ್ತಡ ಅಳೆಯೋ ಮಾನಕ್ಕೆ ಅವನದೇ ಹೆಸರು. ಅಷ್ಟು ದೂರ ಯಾಕೆ, ಅಡಿಕೆ ಲೆಕ್ಕ ಬಂದರೆ ಸಾಕು. ಒಂದು ಕರೆಗೆ 6 ನಿಮಿಷ ಹಿಡಿದರೆ ಒಬ್ಬರು ತಾಸಿಗೆ 10 ಕರೆ ಮುಗಿಸುತ್ತಾರೆ, ಇಬ್ಬರು 20. ಮರ ಬಿದ್ದು ಕೇಬಲ್ ಹರಿದ ದಿನ ತಾಸಿಗೆ 30 ಜನ ಫೋನ್ ಮಾಡಿದರೆ? ಪ್ರತಿ ತಾಸಿಗೂ 10 ಜನ ಬಾಕಿ. ಕೊಳಲಿನ ಬದಲು ವೀಣೆ ಹಾಕಿದರೂ ಬಾಕಿ ಬಾಕಿಯೇ. ಇನ್ನಿಬ್ಬರನ್ನ ಕೆಲಸಕ್ಕೆ ತಗೊಳ್ಳಿ ಮಾರಾಯ್ರೇ. ಸಂಬಳ ಕೊಡಿ. ನಾವು ಕೇಳ್ತಿರೋದು ಅಷ್ಟೇ.

ಕಾಲಲ್ಲಿ ಏನೋ ತಣ್ಣಗೆ ಹರಿದ ಹಾಗಾಯ್ತು. ಬಗ್ಗಿ ನೋಡಿದರೆ ಹಿಮ್ಮಡಿ ಹತ್ತಿರ ರಕ್ತ ಹೀರೋ ಉಂಬಳ, ಹುಣಸೆ ಬೀಜದಷ್ಟು ಉಬ್ಬಿತ್ತು. ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕೀಳೋದು ಹೇಗೆ? ಸುಮ್ನೆ ನಿಂತೆ. ಹೊಟ್ಟೆ ತುಂಬಿದ ಮೇಲೆ ಅದು ತಾನೇ ಉದುರಿತು. ನಾನು ಆರರಲ್ಲೇ ಇದ್ದೆ.